ದಾನಮ್ಮನ ಬಣ್ಣದ ಚೀಟಿ

“ಆಕಿ ಗಲ್ಲದ ಬಣ್ಣ ಎಂಥಾದ್ದಿತ್ತು?”

ಬಣ್ಣದ ಕೋಣೆಯಲ್ಲಿ ಯಾರೂ ಇರಲಿಲ್ಲ. ರಾಚಪ್ಪ ಕೇಳಿದ್ದು ಬೂದು ಗೋಡೆಗೋ, ಮೇಜಿನ ಮೇಲಿದ್ದ ಕಂದು ನೂಲಿನ ಲಡಿಗೋ, ಅವನಿಗೇ ತಿಳಿಯಲಿಲ್ಲ. ಆಡಿದ ಮಾತು ಗೋಡೆಗೆ ತಾಗಿ, ತಿರುಗಿ ಬಂದು, ಅವನ ಮಡಿಲಲ್ಲೇ ಕೂತಿತು.

ಆಗಷ್ಟೇ ನೂಲಿಗೆ ಬಣ್ಣ ಕಟ್ಟುವ ಮುದುಕನೊಬ್ಬ ಬಂದು ಹೋಗಿದ್ದ. ಬೆಟಗೇರಿಯ ಆ ಮುದ್ರಣಾಲಯದ ಕೆಲಸವೇ ಅದು: ಸೀರೆ ನೇಯುವವರಿಗೆ ಬಣ್ಣದ ಚೀಟಿ ಅಚ್ಚು ಹಾಕಿಕೊಡುವುದು. ಲಡಿಯ ಬಣ್ಣ ಹೇಗಿದೆಯೋ ಕಾಗದದ ಮೇಲಿನ ಚೌಕವೂ ಹಾಗೇ ಬರಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಇಪ್ಪತ್ತೆರಡು ವರ್ಷದಿಂದ ಆ ಹೊಣೆ ರಾಚಪ್ಪನದು. ಮುದುಕ ಲಡಿಯನ್ನು ಮುಂದಿಟ್ಟು, “ಈ ಸಲದ ಕಂದು ಛಲೋ ಕುಂತೈತಿ ನೋಡ ರಾಚಪ್ಪಾ. ಥೇಟ್ ನಿನ್ನ ದಾನಮ್ಮನ ಬಣ್ಣ,” ಎಂದ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡು, ತರಿಸಿದ ಚಹಾ ಕೂಡ ಕುಡಿಯದೆ ಎದ್ದು ಹೋದ. ದಾನಮ್ಮ ಮಣ್ಣಿಗೆ ಹೋಗಿ ಮೂರು ವರ್ಷವಾಗಿತ್ತು. ಹನ್ನೊಂದು ವರ್ಷದ ಹುಡುಗಿ. ಐದೇ ದಿನದ ಜ್ವರ.

ರಾಚಪ್ಪ ಲಡಿಯನ್ನು ಎತ್ತಿ ದೀಪದ ಕೆಳಗೆ ಹಿಡಿದ. ಹೌದು ಎನ್ನಲೂ ಆಗಲಿಲ್ಲ, ಅಲ್ಲ ಎನ್ನಲೂ ಆಗಲಿಲ್ಲ. ನಾಲ್ಕು ನೂರು ಬಗೆಯ ಕಂದು ಬಣ್ಣವನ್ನು ಹೆಸರು ಹಿಡಿದು ಕರೆಯಬಲ್ಲವನಿಗೆ ಸ್ವಂತ ಮಗಳ ಬಣ್ಣ ಮರೆತು ಹೋಗಿತ್ತು.

ಫೋಟೋ ನೋಡಿಕೊಳ್ಳಬಹುದಿತ್ತಲ್ಲ ಎಂದು ಹಿಂದಿನ ಕಾಲದವರು ಕೇಳಿಯಾರು. ರಾಚಪ್ಪನ ಕಾಲಕ್ಕೆ ಆ ದಾರಿ ಮುಚ್ಚಿತ್ತು. ಕ್ಯಾಮೆರಾದಲ್ಲಿ ಚಂದ ಮಾಡುವ ಗುಂಡಿಯೊಂದು ಮೊದಲು ಇತ್ತು. ಬೇಕಾದವರು ಒತ್ತುತ್ತಿದ್ದರು, ಬೇಡವಾದವರು ಬಿಡುತ್ತಿದ್ದರು. ಬರಬರುತ್ತ ಗುಂಡಿ ಹೋಯಿತು, ಚಂದ ಉಳಿಯಿತು. ಕ್ಯಾಮೆರಾದಲ್ಲಿ ಬೆಳಕು ಬೀಳುವ ಚಿಪ್‌ನ ಒಳಗೇ ತಿದ್ದುಪಡಿಯನ್ನು ಇಟ್ಟುಬಿಟ್ಟರು. ಮುಖ ಕಂಡರೆ ಸಾಕು, ಅದು ಬೆಳ್ಳಗೆ ಮಾಡುವುದು, ತುಟಿಗೆ ಕೆಂಪು ಕೊಡುವುದು. ತಿದ್ದಿದ್ದಷ್ಟೇ ಉಳಿಯುವುದು, ತಿದ್ದುವ ಮೊದಲಿನದು ಎಲ್ಲಿಯೂ ಇರದು. ಜನ ಒಂದೆರಡು ವರ್ಷ ಗೊಣಗಿದರು, ಆಮೇಲೆ ಒಗ್ಗಿಕೊಂಡರು. ಹೆಣ್ಣು ನೋಡಲು ಹೊರಟವರು ಫೋಟೋವನ್ನು ಮನೆಯಲ್ಲೇ ಬಿಟ್ಟು ಹೋಗುವುದು ಕಲಿತರು. ಬಸ್‌ಸ್ಟ್ಯಾಂಡಿನಲ್ಲಿ ಮಗು ತಪ್ಪಿಸಿಕೊಂಡರೆ ಅಂಗಿಯ ಬಣ್ಣ ಕೂಗಿ ಹೇಳುತ್ತಿದ್ದರು, ಮೈಬಣ್ಣ ಹೇಳುತ್ತಿರಲಿಲ್ಲ.

ದಾನಮ್ಮ ಹೋದ ದಿನ ಯಾರೋ ಅವಳ ಫೋಟೋ ದೊಡ್ಡದು ಮಾಡಿಸಿ ತಂದು ಗೋಡೆಗೆ ಹಾಕಿದ್ದರು. ಹಾಲಿನ ಬಣ್ಣದ ಹುಡುಗಿ, ಗುಲಾಬಿ ತುಟಿ. ರಾಚಪ್ಪನ ಹೆಂಡತಿ ಸಂಗವ್ವ ಅಳುವುದನ್ನು ನಿಲ್ಲಿಸಿ ಅದನ್ನೇ ನೋಡಿದಳು. “ಯಾರ ಮನಿ ಕೂಸದು? ತಗೀರಿ,” ಎಂದಳು. ತೆಗೆದರು. ಗೋಡೆಯಲ್ಲಿ ಮೊಳೆ ಉಳಿಯಿತು. ಅಂದಿನಿಂದ ಸೋಮವಾರಕ್ಕೊಮ್ಮೆ ಸಂಗವ್ವ ಆ ಬರಿಯ ಮೊಳೆಗೆ ಮಲ್ಲಿಗೆ ಮಾಲೆ ಹಾಕುತ್ತ ಬಂದಿದ್ದಾಳೆ.

ಇನ್ನೊಂದು ಬದಲಾವಣೆಯೂ ಆಗಿತ್ತು. ರಾಚಪ್ಪ ಮೊದಲೆಲ್ಲ ಹೆಂಡತಿಯನ್ನು ‘ದಾನೀ ಅವ್ವಾ’ ಎಂದು ಕರೆಯುತ್ತಿದ್ದ. ಮಗಳು ಹೋದ ಮೇಲೆ ಆ ಕರೆ ಬಾಯಿಗೆ ಬರಲಿಲ್ಲ. ಬೇರೆ ಯಾವ ಹೆಸರೂ ರೂಢಿಯಿರಲಿಲ್ಲ. ಮೂರು ವರ್ಷದಿಂದ ಅವನು ಅವಳನ್ನು ಯಾವ ಹೆಸರಿನಿಂದಲೂ ಕರೆದಿರಲಿಲ್ಲ. ಕೆಮ್ಮುತ್ತಿದ್ದ, ಇಲ್ಲವೇ ಎದುರಿಗೆ ಹೋಗಿ ನಿಲ್ಲುತ್ತಿದ್ದ.

ಆ ಮಧ್ಯಾಹ್ನ ಅವನಿಗೆ ಚುಕ್ಕಿ ನೆನಪಾಯಿತು.

ಚುಕ್ಕಿ ಎಂದು ಹೆಸರಿಟ್ಟವಳು ದಾನಮ್ಮ. ಅದೊಂದು ಹಳೆಯ ಬಣ್ಣಮಾಪಕ. ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡದು, ಕೆಳಗೊಂದು ಕಣ್ಣು, ಮೇಲೊಂದು ಕೆಂಪು ದೀಪ. ಯಾವುದರ ಮೇಲಿಟ್ಟು ಒತ್ತಿದರೂ ಬಿಳಿ ಬೆಳಕು ಚೆಲ್ಲಿ, ತಿರುಗಿ ಬಂದ ಬೆಳಕನ್ನು ನೇರಳೆಯಿಂದ ಕೆಂಪಿನವರೆಗೆ ಮೂವತ್ತಾರು ಹೋಳು ಮಾಡಿ, ಹೋಳಿಗೊಂದು ಅಂಕಿ ಹೇಳುತ್ತಿತ್ತು. ಮುಖ ಯಾವುದು, ಗೋಡೆ ಯಾವುದು ಅದಕ್ಕೆ ಗೊತ್ತಿಲ್ಲ. ಚಂದ ಎಂಬ ಮಾತೇ ಅದಕ್ಕೆ ಕಲಿಸಿರಲಿಲ್ಲ. ಮುದ್ರಣಾಲಯಕ್ಕೆ ಹೊಸ ಮಾಪಕ ಬಂದಾಗ ಇದನ್ನು ರಾಚಪ್ಪ ಮನೆಗೆ ತಂದಿದ್ದ. ಮಗಳ ಹುಟ್ಟುಹಬ್ಬದ ಬೆಳಗ್ಗೆ ಅವಳಿಗೆ ಎಣ್ಣೆನೀರು ಹಾಕಿಸಿ, ತಾನು ಪೂಜೆ ಮುಗಿಸಿ ಎದ್ದು, ಅವಳ ಗಲ್ಲಕ್ಕೆ ಇದನ್ನಿಟ್ಟು ಒತ್ತುವನು. ಚುಕ್ ಎನ್ನುವುದು.

“ಯಪ್ಪಾ, ಈ ವರ್ಷ ಎಷ್ಟ ಕರ್ರಗಾಗೀನಿ?”

“ರೊಟ್ಟಿ ಹೊತ್ತಿದಷ್ಟ.”

“ಹೋಗ ಯಪ್ಪಾ!” ಎಂದು ಅವಳು ನಗುವಳು.

ನಾಲ್ಕನೆಯ ಹುಟ್ಟುಹಬ್ಬದಿಂದ ಹನ್ನೊಂದನೆಯದರವರೆಗೆ ಎಂಟು ಸಲ ಚುಕ್ ಎಂದಿತ್ತು. ಎಂಟೂ ಅದರ ಹೊಟ್ಟೆಯಲ್ಲಿದ್ದವು. ಹೊರಗೆ ತೆಗೆದು ಅಚ್ಚು ಹಾಕಿದರೆ ಮಗಳದೇ ಒಂದು ಬಣ್ಣದ ಚೀಟಿಯಾಗುತ್ತದೆ. ಆ ಬರಿಯ ಮೊಳೆಗೆ ತೂಗುಹಾಕಬಹುದು.

ಮರುದಿನ ಅವನು ಅಟ್ಟದ ಡಬ್ಬಿಯಿಂದ ಚುಕ್ಕಿಯನ್ನು ತೆಗೆದು ತಂದು ಬಣ್ಣದ ಕೋಣೆಯ ಕಂಪ್ಯೂಟರಿಗೆ ಜೋಡಿಸಿದ. ಯಾವ ಬಣ್ಣಕ್ಕೆ ಯಾವ ಶಾಯಿ ಎಷ್ಟು ಎಂದು ಮುದ್ರಣ ಯಂತ್ರಕ್ಕೆ ಹೇಳಿಕೊಡುವ ತಂತ್ರಾಂಶ ಅದರಲ್ಲಿತ್ತು. ಸಮವರ್ಣ ಎಂದು ಅದರ ಹೆಸರು. ಅದಿಲ್ಲದೆ ಯಾವ ಯಂತ್ರವೂ ಒಂದು ಚೌಕ ಕೂಡ ಅಚ್ಚು ಹಾಕದು. ಸಮವರ್ಣ ಚುಕ್ಕಿಯನ್ನು ನೋಡಿ ಒಂದೇ ಸಾಲು ಹೇಳಿತು: ‘ಈ ಉಪಕರಣ ಪಟ್ಟಿಯಲ್ಲಿಲ್ಲ.’ ತಂತಿ ಬಿಚ್ಚಿ ಮತ್ತೆ ಹಾಕಿದ. ಮತ್ತೆ ಅದೇ ಸಾಲು. ಚುಕ್ಕಿಯ ಕೆಂಪು ದೀಪ ಮಾತ್ರ ಉರಿಯುತ್ತಲೇ ಇತ್ತು.

ಗದಗಿನಲ್ಲಿ ಯಂತ್ರಗಳ ಕಾಯಿಲೆ ನೋಡುವವಳು ಮೆಹಬೂಬಿ. ನಲವತ್ತರ ಹೆಂಗಸು, ಬಾಯಿ ಜೋರು, ಕೈ ಮೃದು. ಅವಳು ಚುಕ್ಕಿಯನ್ನು ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ನೋಡಿದಳು.

“ರಾಚಣ್ಣಾ, ಇದನ್ನ ಮಾಡಿದ ಕಂಪನಿ ಮುಚ್ಚಿ ಹದಿನೈದು ವರ್ಷ ಆತು. ಇದು ನೋಡ್ರಿ, ಇನ್ನೂ ಡ್ಯೂಟಿ ಮ್ಯಾಲೈತಿ. ಪಾಪ, ಯಾರೂ ಹೇಳಿಲ್ಲ ಇದಕ್ಕ.”

“ಒಳಗ ನನ್ನ ಕೂಸಿಂದು ಐತಿ ತಂಗಿ. ಬ್ಯಾಟರಿ ಬ್ಯಾರೆ ಸಾಯಾಕತ್ತೈತಿ. ಬ್ಯಾಟರಿ ಹೋದ್ರ ನೆನಪೂ ಹೋಗತೈತಿ.”

ಮೆಹಬೂಬಿಯ ನಗೆ ಹಿಂದೆ ಸರಿಯಿತು. “ಹಂಗಾದ್ರ ಇದಕ್ಕ ವೇಷ ಹಾಕೋಣ್ರಿ,” ಎಂದಳು. “ಸಮವರ್ಣಕ್ಕ ಕಣ್ಣಿಲ್ಲ, ಬರೀ ಕಿವಿ. ಹೊಸ ಮಾಪಕದ ಧ್ವನಿಯಾಗ ಮಾತಾಡಿದ್ರ ಇದನ್ನೂ ಹೊಸದು ಅನಕೋತೈತಿ.”

ಅವಳು ಮಾಡಿದ್ದು ಹೀಗೆ. ಮೊದಲು ಹೊಸ ಮಾಪಕಕ್ಕೂ ಸಮವರ್ಣಕ್ಕೂ ನಡುವೆ ತನ್ನದೊಂದು ತಂತಿ ಹಾಕಿ, ಅವೆರಡೂ ಆಡುವ ಮಾತನ್ನೆಲ್ಲ ಕದ್ದು ಕೇಳಿ ಬರೆದುಕೊಂಡಳು. ಆಮೇಲೆ ಒಂದು ಪುಟ್ಟ ದುಭಾಷಿ ತಂತ್ರಾಂಶವನ್ನು ಬರೆದು ಚುಕ್ಕಿಯ ಮುಂದೆ ನಿಲ್ಲಿಸಿದಳು. ಸಮವರ್ಣ ಹೆಸರು ಕೇಳಿದರೆ ದುಭಾಷಿ ಹೊಸದರ ಹೆಸರು ಹೇಳುವುದು. ಅದು ಮೂವತ್ತೊಂದು ಹೋಳು ಕೇಳಿದರೆ ಚುಕ್ಕಿಯ ಮೂವತ್ತಾರರಲ್ಲಿ ಎರಡೂ ತುದಿ ಕತ್ತರಿಸಿ ಕೊಡುವುದು. ಎರಡು ದಿನ ಎಲ್ಲ ಚೆಂದ ನಡೆಯಿತು. ಮೂರನೆಯ ದಿನ ಸಮವರ್ಣ, ನಿನ್ನ ದೀಪ ಎಷ್ಟು ಬಿಸಿಯಾಗಿದೆ ಎಂದು ಕೇಳಿತು. ಚುಕ್ಕಿಗೆ ತನ್ನ ಮೈ ಬಿಸಿ ನೋಡಿಕೊಳ್ಳುವ ಅಂಗವೇ ಇರಲಿಲ್ಲ.

“ಏನ್ ಹೇಳೋಣ್ರಿ?”

“ಖರೇ ಹೇಳಿದ್ರ?”

“ಖರೇ ಹೇಳಿದ್ರ ಹೊರಗ ಹಾಕತೈತಿ. ಇಪ್ಪತ್ತೆಂಟು ಡಿಗ್ರಿ ಅಂತೀನಿ, ಎಷ್ಟ ಸಲ ಕೇಳಿದ್ರೂ ಇಪ್ಪತ್ತೆಂಟು. ಖರೇ ಮಾತಾಡೋ ಮಷೀನ್ ಒಳಗ ಹೋಗಾಕ ಒಂದರ ಸುಳ್ಳ ಬೇಕಲ್ರಿ ಅಣ್ಣಾ.”

ಕೊನೆಗೆ ಉಳಿದದ್ದು ಬಿಳಿ ಬಿಲ್ಲೆ. ಬಣ್ಣಮಾಪಕಕ್ಕೆ ಎಲ್ಲಕ್ಕಿಂತ ಮೊದಲು ಒಂದು ಬಿಳಿಯ ಪಿಂಗಾಣಿ ಬಿಲ್ಲೆ ತೋರಿಸಿ, ಇದೇ ಬಿಳುಪು ಎಂದು ಹೇಳಿಕೊಡಬೇಕು. ಅಲ್ಲಿಂದ ಮುಂದೆ ಅದು ಲೋಕವನ್ನೆಲ್ಲ ಆ ಬಿಳುಪಿಗೆ ಹಿಡಿದೇ ಅಳೆಯುತ್ತದೆ. ಚುಕ್ಕಿಯ ಬಿಲ್ಲೆ ಎಲ್ಲಿ ಎಂದು ಮೆಹಬೂಬಿ ಕೇಳಿದಳು. ಎಂದೋ ಒಡೆದು ಹೋಯಿತು ಎಂದ ರಾಚಪ್ಪ. ಅಷ್ಟೇ ಹೇಳಿದ; ಮುಂದಿನದು ಹೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಅವಳು ಹುಬ್ಬಳ್ಳಿಯ ಗುಜರಿಯಲ್ಲಿ ಚುಕ್ಕಿಯದೇ ಜಾತಿಯ ಸತ್ತ ಮಾಪಕವೊಂದನ್ನು ಹುಡುಕಿ, ಅದರ ಬಿಲ್ಲೆಯನ್ನು ಬಿಚ್ಚಿ ತಂದಳು. ಹಿಂಬದಿಗೆ ಅಂಟಿಸಿದ್ದ, ಅದರ ಬಿಳುಪು ಎಷ್ಟೆಂದು ಹೇಳುವ ಅಂಕಿಗಳ ಚೀಟಿಯೂ ಹಾಳಾಗಿರಲಿಲ್ಲ. ಬಿಲ್ಲೆಯ ಮೇಲಿಟ್ಟು ಒತ್ತಿದರು. ಚುಕ್. ಸಮವರ್ಣ ಹೇಳಿತು: ‘ಉಪಕರಣ ಸಿದ್ಧ.’

ಯಾವ ಶಾಯಿ ಕಾಗದದ ಮೇಲೆ ಹೇಗೆ ಬೀಳುತ್ತದೆಂದು ಸಮವರ್ಣಕ್ಕೆ ತೋರಿಸಲು ಒಂಬೈನೂರ ಹದಿನೆಂಟು ಬಣ್ಣದ ಚೌಕಗಳ ಹಾಳೆಯನ್ನು ಅಚ್ಚು ಹಾಕಿದರು. ಶಾಯಿ ಆರದೆ ಅಳೆಯಬಾರದು. ಒಂದು ದಿನ ಕಾದರು. ಮರುದಿನ ರಾಚಪ್ಪ ಚುಕ್ಕಿಯನ್ನು ಸಾಲಿನಿಂದ ಸಾಲಿಗೆ ಎಳೆಯುತ್ತ ಹೋದ. ಬೆಳಗ್ಗೆ ಲಿಂಗಪೂಜೆಗೆ ಕೂತಾಗ ಕೈ ಎಷ್ಟು ನಿಧಾನವೋ ಅಷ್ಟೇ ನಿಧಾನ. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಪರೀಕ್ಷೆಗೆ ಮುದುಕನ ಕಂದು ಲಡಿಯನ್ನೇ ಅಳೆದು ಅಚ್ಚು ಹಾಕಿದರು. ಲಡಿಯನ್ನು ಚೌಕದ ಮೇಲಿಟ್ಟರೆ ಎಲ್ಲಿ ನೂಲು, ಎಲ್ಲಿ ಕಾಗದ ತಿಳಿಯದಂತೆ ಕೂತಿತು.

“ಮುದುಕರನ್ನ ಕೆಲಸಕ್ಕ ತಗೊಂಡ್ರ ಹಿಂಗ,” ಎಂದಳು ಮೆಹಬೂಬಿ, ಚುಕ್ಕಿಯ ಬೆನ್ನು ತಟ್ಟಿ. “ಈಗ ಕೂಸಿಂದು ತಗೀತೀನ್ರಿ.”

ಎಂಟು ಚೌಕಗಳು ಒಂದರ ಪಕ್ಕ ಒಂದು ಬಂದವು.

ಮೊದಲನೆಯದು ಕಂದು. ಮುದುಕನ ಲಡಿಗಿಂತ ತುಸು ಕೆಂಪು ಹೆಚ್ಚು, ಬಿಸಿಲಿಗೆ ಇಟ್ಟ ಬೆಲ್ಲದ ಅಂಚಿನಂಥದ್ದು. ರಾಚಪ್ಪ ಶಾಯಿ ಆರುವ ಮೊದಲೇ ಅದನ್ನು ಮುಟ್ಟಿದ. ನಾಲ್ಕು ವರ್ಷದ ಕೂಸು, ಎಣ್ಣೆಯ ವಾಸನೆ, ಮಡಿಲಲ್ಲಿ ಕೂತು ಕಾಲು ಬಡಿಯುತ್ತಿರುವುದು, ಎಲ್ಲ ಒಟ್ಟಿಗೆ ಬಂದವು. ಅವನ ಬೆರಳಿಗೆ ಬಣ್ಣ ಹತ್ತಿತು.

ಉಳಿದ ಏಳೂ ಬೇರೆ. ಪೇಲವ, ಅದರ ಒಳಗೊಂದು ನೀಲಿ. ಕೊನೆಯ ಚೌಕವನ್ನು ನೋಡಿ ರಾಚಪ್ಪ ಮೇಜಿನ ಅಂಚು ಹಿಡಿದುಕೊಂಡ. ಆ ಬಣ್ಣವನ್ನು ಅವನು ಒಂದು ಸಲ ನೋಡಿದ್ದ, ಆಸ್ಪತ್ರೆಯಲ್ಲಿ, ಐದನೆಯ ದಿನ, ಎಲ್ಲ ಮುಗಿದ ಮೇಲೆ.

“ಯಂತ್ರ ಕೆಟ್ಟಿಲ್ರಿ,” ಎಂದಳು ಮೆಹಬೂಬಿ, ಅಂಕಿಗಳನ್ನು ನೋಡುತ್ತ. “ನಾಕನೇ ವರ್ಷದ್ದು ಸರಿ ಐತಿ. ಐದನೇ ವರ್ಷ ಏನಾತು ನೆನಪ ಮಾಡ್ಕೋರಿ.”

ಅವನಿಗೆ ನೆನಪಾಯಿತು.

ಐದನೆಯ ಹುಟ್ಟುಹಬ್ಬದ ಬೆಳಗ್ಗೆ ದಾನಮ್ಮ ಬಿಲ್ಲೆಯನ್ನು ತಾನೇ ಹಿಡಿಯುತ್ತೇನೆಂದು ಹಟ ಮಾಡಿ ಕೈ ಜಾರಿಸಿದ್ದಳು. ಪಿಂಗಾಣಿ ಚೂರು ಚೂರು. ಹುಡುಗಿ ಅಳತೊಡಗಿದಳು. ರಾಚಪ್ಪ ಆಗಷ್ಟೇ ಪೂಜೆಯಿಂದ ಎದ್ದಿದ್ದ, ಹಣೆಯ ಮೇಲೆ ಮೂರು ಎಳೆ ಇನ್ನೂ ಹಸಿ. ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿ ಇತ್ತು. ಶ್ರೀಶೈಲದಿಂದ ಸಂಗವ್ವನ ತಾಯಿ ತಂದದ್ದು, ಅಂಗೈಯಗಲ, ಒಂದು ಮಗ್ಗುಲು ಕನ್ನಡಿಯಂತೆ ನುಣುಪು. “ಅಳಬ್ಯಾಡ ಕೂಸ. ಲೋಕದಾಗ ಇದಕ್ಕಿಂತ ಬಿಳೇದು ಯಾವುದೈತಿ?” ಎಂದು ಗಟ್ಟಿಯ ಮೇಲೆ ಚುಕ್ಕಿಯನ್ನಿಟ್ಟು ಒತ್ತಿದ್ದ. ಚುಕ್ಕಿ ಅದನ್ನೇ ಬಿಳುಪೆಂದು ನಂಬಿತು. ಅಲ್ಲಿಂದ ಏಳು ಹುಟ್ಟುಹಬ್ಬವೂ ಹಾಗೇ ನಡೆಯಿತು. ಬಣ್ಣ ಅಳೆಯುವುದೇ ಕಸುಬಾದವನಿಗೆ ಅದು ತಪ್ಪೆಂದು ಒಮ್ಮೆಯೂ ತೋರಲಿಲ್ಲ. ವಿಭೂತಿ ಅಲ್ಲವೇ.

ಅವನು ಹೇಳಿದ್ದು ಕೇಳಿ ಮೆಹಬೂಬಿ ನಗಲಿಲ್ಲ. “ಬೂದಿಯೊಳಗ ಸಣ್ಣ ಹಳದಿ ಇರತೈತ್ರಿ ಅಣ್ಣಾ. ನೀವು ಅದಕ್ಕ ನೂರಕ್ಕ ನೂರು ಅಂದ್ರಿ. ಅದರ ಮುಂದ ಇಟ್ಟಿದ್ದೆಲ್ಲ ಇದ್ದದ್ದಕ್ಕಿಂತ ಬೆಳ್ಳಗ ಕಾಣತೈತಿ, ನೀಲಿ ಕಡೆ ಸರೀತೈತಿ.”

ರಾಚಪ್ಪ ಬಹಳ ಹೊತ್ತು ಚೌಕಗಳನ್ನೇ ನೋಡಿದ. “ಅಂದ್ರ ನಾನೂ ಆಕಿನ್ನ ಬೆಳ್ಳಗ ಮಾಡೇನಿ.”

“ಆ ಗಟ್ಟಿ ತರ್ರಿ. ಈ ಬಿಲ್ಲೆ ಜೋಡಿ ಅದನ್ನ ಒಮ್ಮೆ ಅಳದ್ರ ಸಾಕು, ಏಳೂ ಸರಿ ಆಕ್ಕಾವು. ಹತ್ತ ನಿಮಿಷದ ಕೆಲಸ.”

ಅವನು ಮನೆಗೆ ಹೋದಾಗ ಸಂಗವ್ವ ರೊಟ್ಟಿ ಬಡಿಯುತ್ತಿದ್ದಳು. ಅವನು ಕೆಮ್ಮಿದ. ಅವಳು ತಲೆಯೆತ್ತಲಿಲ್ಲ.

“ಜಗಲಿ ಮ್ಯಾಲಿನ ಆ ಹಳೇ ವಿಭೂತಿ ಗಟ್ಟಿ ಎಲ್ಲೈತಿ?”

“ಆಕಿ ಕೈಯಾಗ.”

ಬಡಿಯುವ ಸದ್ದು ನಿಂತಿತು. ಅವಳು ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡು ಹೇಳಿದಳು. “ಆಕಿನ್ನ ಮಣ್ಣಿಗಿಟ್ಟ ದಿನ ನಿಮಗ ಎಚ್ಚರ ಎಲ್ಲಿತ್ತು? ಮಠದ ಅಯ್ಯನವರು ಪತ್ರಿ, ವಿಭೂತಿ ಎಲ್ಲಾ ತಂದಿದ್ರು. ಎಲ್ಲಾ ಅಂಗಡಿದು. ನಮ್ಮ ಮನಿದೊಂದರ ಇರಲಿ, ಕೂಸು ಗುರುತ ಹಿಡೀಲಿ ಅಂತ, ಹಿತ್ತಾಳಿ ಡಬ್ಬಿಯಾಗ ಇಟ್ಟು ಆಕಿ ಕೈಗೆ ಕೊಟ್ಟೆ. ದಿನಾ ಹಣಿಗೆ ಹಚ್ಚಿದ್ದು ಅದನ್ನ ಅಲ್ಲೇನ್ರಿ.”

ರೊಟ್ಟಿ ಹಂಚಿನ ಮೇಲೆ ಬಿತ್ತು. ರಾಚಪ್ಪ ಅದು ಉಬ್ಬುವುದನ್ನು ನೋಡುತ್ತ ನಿಂತ.

ಮರುದಿನ ಮೆಹಬೂಬಿ ಬೇರೆ ದಾರಿ ಹುಡುಕಿದಳು. ಪೇಟೆಯಿಂದ ಮೂರು ಬೇರೆ ಬೇರೆ ಗಟ್ಟಿ ತಂದು ಅಳೆದರು. ಆಕಳು ಬೇರೆ, ಮೇವು ಬೇರೆ, ಸುಟ್ಟ ಹದ ಬೇರೆ. ಮೂರರ ಅಂಕಿಯೂ ಬೇರೆ. ಮೂರು ಚೀಟಿ ಬಂದವು. ಒಂದರಲ್ಲಿ ದಾನಮ್ಮ ಹಳದಿ, ಒಂದರಲ್ಲಿ ಕೆಂಪು, ಇನ್ನೊಂದರಲ್ಲಿ ಮೋಡದ ಬಣ್ಣ. ಯಾವುದು ಅವಳು ಎಂದು ರಾಚಪ್ಪ ಹೇಳಲಾರದೆ ಹೋದ.

“ನಾಕರಿಂದ ಐದಕ್ಕ ಬಣ್ಣ ಬದಲಾಗಿಲ್ಲ ಅಂತ ಹಿಡದು ಲೆಕ್ಕಾ ಹಾಕಿದ್ರ? ಸುಮಾರು ಸರಿ ಬರತೈತಿ.”

“ಆ ವರ್ಷ ಆಕಿಗೆ ಕಾಮಾಲಿ ಆಗಿತ್ತು. ಬಣ್ಣ ಇಳದಿತ್ತು,” ಎಂದ ರಾಚಪ್ಪ. “ಸುಮಾರು ಬ್ಯಾಡ ತಂಗಿ. ಸುಮಾರು ಕ್ಯಾಮೆರಾನೂ ಮಾಡತೈತಿ.”

ಮೆಹಬೂಬಿ ಚುಕ್ಕಿಯ ತಂತಿ ಬಿಚ್ಚದೆ ಎದ್ದಳು. “ಇಲ್ಲೇ ಇರಲಿ. ಅಂಕಿ ಎಲ್ಲಾ ಬರಕೊಂಡೇನಿ, ಬ್ಯಾಟರಿ ಹೋದ್ರೂ ಚಿಂತಿಲ್ಲ. ನಿಮ್ಮ ಗಟ್ಟಿ ಎಂದ ಸಿಗತೈತೋ ಅಂದ ಕರೀರಿ.”

ಹಿತ್ತಾಳೆ ಡಬ್ಬಿ. ಮುಚ್ಚಳ ಗಟ್ಟಿ. ಮೂರು ವರ್ಷದ ಮಣ್ಣು ಒಳಗೆ ಹೋಗಿರಲಾರದು. ಆ ಯೋಚನೆ ರಾಚಪ್ಪನನ್ನು ಬಿಡಲಿಲ್ಲ. ಪೂಜೆಗೆ ಕೂತರೂ ಅದೇ, ಉಣ್ಣಲು ಕೂತರೂ ಅದೇ. ಒಂದು ವಾರ ಕಳೆದು ಅವನು ತಹಸೀಲ್ದಾರರ ಕಚೇರಿಗೆ ಹೋಗಿ ಕೇಳಿದ. ಗೋರಿ ತೆರೆಯಲು ಒಂದು ಅರ್ಜಿ ಇತ್ತು. ಮಗುವಿನದಾದರೆ ಕೆಳಗೆ ಎರಡು ಸಹಿ: ತಂದೆಯದು, ತಾಯಿಯದು. ಅವನು ಅಲ್ಲೇ ನಿಂತು ತನ್ನದು ಹಾಕಿದ.

ಅಂದು ಸೋಮವಾರ. ಶ್ರಾವಣವಾದ್ದರಿಂದ ಸಂಜೆ ಮಠದಲ್ಲಿ ಪುರಾಣ. ಸಂಗವ್ವ ತಪ್ಪದೆ ಹೋಗಿ ಕೇಳುವವಳು. ಹೊರಡುವ ಮೊದಲು ಮೊಳೆಗೆ ಮಾಲೆ ಹಾಕುತ್ತಿದ್ದಳು. ರಾಚಪ್ಪ ಮೂರು ಚೀಟಿಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟ.

“ಇವುಗಳಾಗ ಯಾವುದು ನಮ್ಮ ಕೂಸು?”

ಅವಳು ಹತ್ತಿರ ಬಂದಳು. ಮೊದಲನೆಯದನ್ನು ಎತ್ತಿ ನೋಡಿ ಬೋರಲು ಇಟ್ಟಳು. ಎರಡನೆಯದನ್ನೂ. ಮೂರನೆಯದನ್ನೂ. “ಯಾರೂ ಅಲ್ಲ.”

ಅವನು ಜೇಬಿನಿಂದ ನಾಲ್ಕನೆಯ ವರ್ಷದ ಚೌಕವನ್ನು ತೆಗೆದು ಮುಂದಿಟ್ಟ. ಅವನ ಬೆರಳಿನ ಗುರುತು ಅದರ ಮೂಲೆಯಲ್ಲಿತ್ತು. ಸಂಗವ್ವ ಅದನ್ನು ಎತ್ತಿಕೊಂಡಳು. ಬಾಗಿಲ ಬೆಳಕಿಗೆ ಹಿಡಿದಳು. ತನ್ನ ಗಲ್ಲಕ್ಕೆ ಒತ್ತಿಕೊಂಡಳು. ಕಣ್ಣು ಮುಚ್ಚಿದಳು. ಹಾಗೇ ನಿಂತಳು.

“ಇದು ಆಕಿ,” ಎಂದಳು.

“ಆ ಗಟ್ಟಿ ಒಮ್ಮೆ ಅಳದ್ರ ಉಳಿದ ಏಳೂ ಹಿಂಗ ಬರತಾವು. ಹನ್ನೊಂದನೇದ್ದೂ ಬರತೈತಿ.” ರಾಚಪ್ಪ ಬೋರಲು ಬಿದ್ದಿದ್ದ ಚೀಟಿಗಳನ್ನು ಒಟ್ಟು ಮಾಡಿದ. “ನಿನಗ ನೆನಪೈತಿ. ನನಗಿಲ್ಲ. ನಾನು ಆಕಿನ್ನ ನೋಡೋದು ಬಿಟ್ಟು ಅಳತಿ ಮಾಡ್ಕೋತ ಕುಂತೆ. ಮಷೀನ್ ಐತಲ್ಲ, ಅದು ಇಟಗೋತೈತಿ ಅಂತ ಕುಂತೆ.”

“ಪುರಾಣದಾಗ ದೇವಿ ತಾಯಿ ಮೈಬಣ್ಣಾ ಹೇಳೂ ಮುಂದ ಅಯ್ಯನವರು ಚೀಟಿ ತೋರಸ್ತಾರೇನ್ರಿ? ಪದ ಎಳದು ಹಾಡ್ತಾರ. ಕಣ್ಣ ಮುಚ್ಚಿ ಕೇಳ್ತೀವಿ. ಕಾಣತೈತಿ.”

“ನನಗ ಕಾಣಂಗಿಲ್ಲ.”

ಅವನು ಅರ್ಜಿಯನ್ನು ತೆಗೆದು ಬಿಡಿಸಿದ. ತನ್ನ ಸಹಿಯ ಪಕ್ಕದ ಖಾಲಿ ಜಾಗದ ಮೇಲೆ ಪೆನ್ನು ಇಟ್ಟ. ಓದು ಬಲ್ಲವಳು, ಓದಿದಳು. ಮೇಲಿನಿಂದ ಕೆಳಗೆ, ಒಂದಕ್ಷರ ಬಿಡದೆ.

“ಹಗಲಿನ್ಯಾಗ, ಅಯ್ಯನವರನ್ನ ಕರಕೊಂಡ ಹೋಗೋಣು,” ಎಂದ ರಾಚಪ್ಪ. “ಡಬ್ಬಿ ಅಷ್ಟ ತಗಿಯೋದು. ಆಕಿನ್ನ ಮುಟ್ಟಂಗಿಲ್ಲ. ಹತ್ತ ನಿಮಿಷ ಅಳಿಯೋದು, ಮತ್ತ ಆಕಿ ಕೈಯಾಗ ಇಡೋದು. ಹತ್ತ ನಿಮಿಷ, ದಾನೀ ಅವ್ವಾ.”

ಮೂರು ವರ್ಷದ ಮೇಲೆ ಆ ಹೆಸರು ಆ ಮನೆಯಲ್ಲಿ ಕೇಳಿಸಿತು. ಸಂಗವ್ವ ಅವನ ಮುಖ ನೋಡಿದಳು. ಅವಳ ಕಣ್ಣು ತುಂಬಿ ಬಂತು. ಕೈ ಮುಂದೆ ಬಂತು, ಪೆನ್ನಿನವರೆಗೂ ಬಂತು. ಪೆನ್ನನ್ನು ಎತ್ತಿ ಅವನ ಜೇಬಿಗೆ ಸಿಕ್ಕಿಸಿದಳು. ಅರ್ಜಿಯನ್ನು ಇದ್ದ ಮಡಿಕೆಯಲ್ಲೇ ಮಡಿಚಿ ಅವನ ಕೈಗೆ ಕೊಟ್ಟಳು.

“ಒಲ್ಲೆ,” ಎಂದಳು. “ಕೊಟ್ಟೀನಿ. ಕೂಸಿನ ಕೈಯಾಗಿಂದ ನಾ ಕಸಗೊಳ್ಳಾಕಿ ಅಲ್ಲ.”